ಎರಡು ಬೈಕು, ಒಂದೇ ಭಾಗವತಿಕೆ

"ಬರ್ತಾ ಉಂಟು ಮಾರಾಯ. ಆದ್ರೆ ಬಾವಿಯೊಳಗೆ ಕೂತು ಹಾಡಿದ ಹಾಗೆ ಕೇಳ್ತದೆ."

ನೆಲಮಂಗಲ ದಾಟಿದ ಮೇಲೆ ಅಕ್ಕ ಹೇಳಿದ ಮೊದಲ ಮಾತು ಇದು. ಅವಳ ಬೈಕು ಮುಂದೆ, ನನ್ನದು ಹಿಂದೆ. ಬೆಂಗಳೂರಿಂದ ಉಜಿರೆಯ ಮನೆಗೆ ಹೊರಟಿದ್ದೆವು. ಮಾತಿಗೂ ಹಾಡಿಗೂ ಅಂತ ಇಬ್ಬರ ಹೆಲ್ಮೆಟ್ ಒಳಗೂ ಬ್ಲೂಟೂತ್ ಹೆಡ್‌ಸೆಟ್ ಇತ್ತು. ನನ್ನ ಫೋನಿನಲ್ಲಿ ತೆಂಕುತಿಟ್ಟಿನ, ಅಂದರೆ ನಮ್ಮ ದಕ್ಷಿಣ ಕನ್ನಡ ಕಡೆಯ ಶೈಲಿಯ, ಯಕ್ಷಗಾನದ ಪದಗಳಿದ್ದವು, ಭಾಗವತರು ಹಾಡುವ ಹಾಡುಗಳು. ಚಿಕ್ಕವರಿದ್ದಾಗ ಒಂದೇ ಚಾಪೆ ಹಿಡ್ಕೊಂಡು ಆಟ ನೋಡಲಿಕ್ಕೆ ಹೋದವರು ನಾವು. ದಾರಿಯುದ್ದಕ್ಕೂ ಹಾಗೇ ಒಟ್ಟಿಗೆ ಕೇಳಬೇಕು ಅನ್ನುವುದು ಬಹಳ ದಿನದ ಆಸೆ.

ಅದಕ್ಕೂ ಮೊದಲು ಒಂದು ಸಲ ಸೋತಿದ್ದೆವು. ಆಗ ನಮ್ಮಿಬ್ಬರ ಹೆಡ್‌ಸೆಟ್ ಬೇರೆ ಬೇರೆ ಕಂಪನಿಯವು. ಮಾತು ಚೆನ್ನಾಗಿ ಕೇಳುತ್ತಿತ್ತು, ಹಾಡು ಮಾತ್ರ ಆ ಕಡೆ ಹೋಗುತ್ತಲೇ ಇರಲಿಲ್ಲ. ಕಾರಣ ಆಮೇಲೆ ತಿಳಿಯಿತು. ಬೇರೆ ಕಂಪನಿಯ ಹೆಡ್‌ಸೆಟ್ ಜೊತೆ ಸೇರಿಸುವಾಗ ನಮ್ಮದು ಸಾಮಾನ್ಯವಾಗಿ ತಾನೊಂದು ಫೋನ್ ಎಂಬಂತೆ ನಟಿಸುತ್ತದೆ. ಫೋನ್ ಕರೆಯ ದಾರಿಯಲ್ಲಿ ಮಾತಷ್ಟೇ ಹೋಗುತ್ತದೆ. ಸ್ಟೀರಿಯೊ ಹಾಡಿಗೆ ಬ್ಲೂಟೂತ್‌ನಲ್ಲಿ ಬೇರೆಯೇ ದಾರಿ ಇದೆ. ಹಾಗಾಗಿ ಹಾಡು ಹಂಚಿಕೊಳ್ಳುವ ಆಸೆ ಇದ್ದವರು ಒಂದೇ ಮಾಡೆಲ್‌ನ ಜೋಡಿ ತಗೊಳ್ಳಿ. ನಾವೂ ಕೊನೆಗೆ ಅದನ್ನೇ ಮಾಡಿದೆವು.

ಜೋಡಿಸುವ ಕೆಲಸವನ್ನು ಹೊರಡುವ ಹಿಂದಿನ ದಿನ ಮನೆಯಲ್ಲೇ ಮುಗಿಸಿ. ಮೊದಲು ಎರಡನ್ನೂ ರೀಸೆಟ್ ಮಾಡಿದೆ, ಹಳೆಯ ಪೇರಿಂಗ್ (ಜೋಡಣೆ) ಏನಾದರೂ ಉಳಿದಿದ್ದರೆ ಸುಮ್ನೆ ತಲೆನೋವು. ಆಮೇಲೆ ನನ್ನ ಹೆಡ್‌ಸೆಟ್ ನನ್ನ ಫೋನಿಗೆ, ಅವಳದ್ದು ಅವಳ ಫೋನಿಗೆ. ಎರಡರಲ್ಲೂ ಹಾಡು ಸರಿಯಾಗಿ ಬರುತ್ತದೆ ಅಂತ ಖಾತ್ರಿಯಾದ ಮೇಲೆ ಹೆಡ್‌ಸೆಟ್‌ಗಳನ್ನು ಒಂದಕ್ಕೊಂದು ಸೇರಿಸಿದೆ. ನಮ್ಮದರಲ್ಲಿ ಮೊದಲು ಇಂಟರ್‌ಕಾಮ್, ಅಂದರೆ ಹೆಡ್‌ಸೆಟ್‌ನಿಂದ ಹೆಡ್‌ಸೆಟ್‌ಗೆ ನೇರ ಮಾತು, ಶುರುವಾಗಿರಬೇಕು, ಆಮೇಲೆ ಹಾಡು ಹಂಚುವ ಬಟನ್ ಒತ್ತಬೇಕು. ಎಷ್ಟು ಹೊತ್ತು ಒತ್ತಬೇಕು ಅನ್ನುವುದು ಒಂದೊಂದು ಮಾಡೆಲ್‌ಗೆ ಒಂದೊಂದು ಥರ. ಗ್ಲೌಸ್ ಹಾಕಿಕೊಂಡೇ ಹತ್ತು ಸಲ ಅಭ್ಯಾಸ ಮಾಡಿ. ರಸ್ತೆಯಲ್ಲಿ ಬಟನ್ ಹುಡುಕುತ್ತಾ ಕೂರುವುದು ಬೇಡವೇ ಬೇಡ.

ಇಷ್ಟೆಲ್ಲ ಮಾಡಿಯೂ ಅಕ್ಕನಿಗೆ ಬಾವಿಯೊಳಗಿನ ಹಾಡು! ಕುಣಿಗಲ್ ಹತ್ತಿರ ಚಹಾಕ್ಕೆ ನಿಲ್ಲಿಸಿ ಅವಳ ಹೆಲ್ಮೆಟ್ ಬಿಚ್ಚಿ ನೋಡಿದೆ. ಸ್ಪೀಕರ್ ಕಿವಿಯ ತೂತಿಗಿಂತ ಒಂದು ಬೆರಳು ಹಿಂದೆ ಅಂಟಿತ್ತು. ನಾನೇ ಅಂಟಿಸಿದ್ದು, ನನ್ನ ಕಿವಿಯ ಅಂದಾಜಿನಲ್ಲಿ. ಹೆಲ್ಮೆಟ್ ಹಾಕಿದಾಗ ಕಿವಿ ಎಲ್ಲಿ ಬರುತ್ತದೆ ಅಂತ ಅವಳಿಂದಲೇ ಬೆರಳಿಟ್ಟು ತೋರಿಸಿಕೊಂಡು ವೆಲ್ಕ್ರೊ ಮುಂದಕ್ಕೆ ಸರಿಸಿದೆ. ಸ್ಪೀಕರ್ ಹಿಂದೆ ತೆಳುವಾದ ಒಂದು ಸ್ಪಾಂಜ್ ಬಿಲ್ಲೆ ಇಟ್ಟು ಕಿವಿಗೆ ಹತ್ತಿರ ತಂದೆ, ಆದರೆ ಒತ್ತುವಷ್ಟು ಅಲ್ಲ. "ಈಗ ಚಕ್ರತಾಳವೂ ಕೇಳ್ತದೆ" ಅಂದಳು, ಯಕ್ಷಗಾನದ ದೊಡ್ಡ ತಾಳ ಅದು. ದುಬಾರಿ ಹೆಡ್‌ಸೆಟ್ ತಂದವರು ಕೂಡ ಸದ್ದು ಸಾಲದು ಅನ್ನುವುದನ್ನು ಕೇಳಿದ್ದೇನೆ. ಅವರಿಗೆಲ್ಲ ನಾನು ಹೇಳುವುದು ಇಷ್ಟೇ: ಮೊದಲು ಸ್ಪೀಕರ್ ಕಿವಿಗೆ ನೇರ ಇದೆಯಾ ನೋಡಿ.

ಆ ಪ್ರಯಾಣದಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಂಗತಿ ಇನ್ನೊಂದಿದೆ. ಹೆಲ್ಮೆಟ್ ಒಳಗಿನ ಗಾಳಿಯ ಸದ್ದು ಹೆಚ್ಚಾಗಿ ತಗ್ಗು ಸ್ವರದ್ದು, ಬರೀ ಗುಂಯ್ ಅನ್ನುವಂಥದ್ದು. ಹಾಗಾಗಿ ಬೇಸ್ ಜಾಸ್ತಿ ಇರುವ ಸಿನಿಮಾ ಹಾಡುಗಳು ಅದರಲ್ಲೇ ಮುಳುಗಿಹೋಗುತ್ತವೆ. ಏರು ಶ್ರುತಿಯ ಭಾಗವತಿಕೆ, ಚೆಂಡೆಯ ಪೆಟ್ಟು ಮಾತ್ರ ಗಾಳಿಯನ್ನು ಸೀಳಿಕೊಂಡು ಬರುತ್ತವೆ. ರಾತ್ರಿಯ ಬಯಲಲ್ಲಿ ದೂರದವರೆಗೆ ಕೇಳಬೇಕಾದ ಸಂಗೀತ ಅಲ್ವಾ! ಮದ್ದಳೆಯ ತಗ್ಗು ನಾದ ಅಷ್ಟು ಸಿಗಲಿಲ್ಲ, ಅದೊಂದು ಕೊರತೆ.

ವಾಲ್ಯೂಮ್ ಏರಿಸಿ ಗಾಳಿಯ ಜೊತೆ ಜಗಳಕ್ಕೆ ಇಳಿಯಬೇಡಿ. 100 ಕಿ.ಮೀ. ವೇಗದಲ್ಲಿ ಹೆಲ್ಮೆಟ್ ಒಳಗೆ ಗಾಳಿಯ ಸದ್ದೇ 90 ಡೆಸಿಬೆಲ್ ದಾಟುತ್ತದೆ. ಅದರ ಮೇಲೆ ಹಾಡು ಸೇರಿದರೆ ಕಿವಿಯ ಗತಿ ಏನು? ನಾವು 80 ಕಿ.ಮೀ. ವೇಗದ ಒಳಗೇ ಹೋದೆವು. ಹಿಂದಿನ ಬಸ್ಸಿನ ಹಾರನ್ ಕೇಳದಷ್ಟು ಹಾಡು ಜೋರಾದರೆ ಅದು ತಪ್ಪು.

ಹಾಸನದವರೆಗೆ ರಸ್ತೆ ಅಗಲ, ಹಾಡಿಗೆ ತೊಂದರೆಯಿಲ್ಲ. ಆದರೆ ಹೆಡ್‌ಸೆಟ್ ಡಬ್ಬಿಯ ಮೇಲೆ ಬರೆದ ಕಿಲೋಮೀಟರ್ ಲೆಕ್ಕವನ್ನು ನಂಬಿ ದೂರ ದೂರ ಹೋಗಬೇಡಿ. ಮಧ್ಯೆ ಒಂದು ಟ್ಯಾಂಕರ್ ಬಂದರೆ ಸಾಕು, ನಮ್ಮದು 300 ಮೀಟರ್‌ಗೇ ಕರಕರ ಅನ್ನುತ್ತಿತ್ತು. ಮೊದಲು ಕಡಿಯುವುದು ಹಾಡು, ಆಮೇಲೆ ಮಾತು. ಹಾಡಿಗೆ ಕಳಿಸಬೇಕಾದ ಮಾಹಿತಿ ಜಾಸ್ತಿ. ಫೋನ್ ಕರೆ ಬಂದರೂ ಹಂಚಿಕೆ ನಿಂತು, ಮತ್ತೆ ಬಟನ್ ಒತ್ತಬೇಕಾಗುತ್ತಿತ್ತು. ಬೇಲೂರಿನಲ್ಲಿ ಇಬ್ಬರೂ ಫೋನನ್ನು ತೊಂದರೆ ಕೊಡದ ಮೋಡ್‌ಗೆ ಹಾಕಿಕೊಂಡೆವು. ಊಟದ ಹೊತ್ತಿಗೆ ಪವರ್ ಬ್ಯಾಂಕ್‌ನಿಂದ ಚಾರ್ಜ್ ಕೂಡ ಮಾಡಿದೆವು, ಮಾತು ಹಾಡು ಎರಡೂ ನಡೆಯುವಾಗ ಬ್ಯಾಟರಿ ಬೇಗ ಇಳಿಯುತ್ತದೆ.

ಮೂಡಿಗೆರೆ ದಾಟಿದ ಮೇಲೆ ಕಾಡು, ತಿರುವು, ಒದ್ದೆ ಎಲೆ. ಹಂಚಿಕೆ ಮತ್ತೆ ಮತ್ತೆ ಕಡಿಯತೊಡಗಿತು. ಅದಕ್ಕೆ ಮೊದಲೇ ಒಂದು ಉಪಾಯ ಮಾಡಿದ್ದೆ. ಅದೇ ಪದಗಳನ್ನು ಅವಳ ಫೋನಿಗೂ ಹಾಕಿಟ್ಟಿದ್ದೆ. ಹಂಚುವುದನ್ನು ಬಿಟ್ಟು, "ಒಂದು, ಎರಡು, ಮೂರು" ಅಂತ ಎಣಿಸಿ ಇಬ್ಬರೂ ಒಟ್ಟಿಗೆ ಪ್ಲೇ ಒತ್ತಿದೆವು. ಅರ್ಧ ಸೆಕೆಂಡ್ ಹಿಂದೆ ಮುಂದೆ ಆದರೂ ಗೊತ್ತಾಗುವುದಿಲ್ಲ. ಹಾಡು ಅವರವರ ಫೋನಿನಿಂದಲೇ ಬರುವುದರಿಂದ ಸದ್ದು ಇನ್ನೂ ಚೊಕ್ಕ. ನೆಟ್‌ವರ್ಕ್ ಬೇಕಾಗಿಲ್ಲ. ಹಾಡಿನ ಮಧ್ಯೆ ಮಾತೂ ಕೇಳುವ ಸೌಲಭ್ಯ ಹೆಡ್‌ಸೆಟ್‌ನಲ್ಲಿರಬೇಕು, ಅಷ್ಟೇ.

ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು, ಚಾರ್ಮಾಡಿ ಘಾಟಿಗೆ ಇಳಿಯುವ ಮೊದಲು ಹಾಡು ಪೂರ್ತಿ ನಿಲ್ಲಿಸಿದೆವು. ಮಂಜು ಇತ್ತು. ಅಲ್ಲಿ ಬೇಕಾದದ್ದು ಮಾತು ಮಾತ್ರ: "ಬಸ್ ಬರ್ತಾ ಉಂಟು", "ಇಲ್ಲಿ ಕಲ್ಲು ಬಿದ್ದಿದೆ", "ನಿಧಾನ". ಮುಂದಿದ್ದ ಅಕ್ಕ ಪ್ರತಿ ತಿರುವಿನಲ್ಲೂ ಹೇಳುತ್ತಾ ಹೋದಳು.

ಕಕ್ಕಿಂಜೆ ಹತ್ತಿರ ರಸ್ತೆ ನೇರವಾಯಿತು. ಇಂಟರ್‌ಕಾಮ್‌ನಲ್ಲಿ ಅವಳ ದನಿ ಬಂತು: "ಹ್ಞಾ, ಇನ್ನು ನಿಲ್ಲಿಸಿದಲ್ಲಿಂದ ಹಾಕು. ಯುದ್ಧದ ಪದ ಅರ್ಧಕ್ಕೆ ನಿಂತಿದೆ."