ಕಾಲೇಜ್ ಫುಟ್‌ಬಾಲ್: ಸೀಸನ್‌ಗೆ ಮುಂಚೆಯೇ ಬಲಿಷ್ಠ ತಂಡ ಗುರುತಿಸುವುದು

ಅಮೆರಿಕದ ಕಾಲೇಜು ತಂಡಗಳು ಆಡುವ ಅಮೆರಿಕನ್ ಫುಟ್‌ಬಾಲ್‌ನಲ್ಲಿ, ಅಲ್ಲಿನ ಪೂರ್ವ ಕರಾವಳಿಯ ಮಧ್ಯಾಹ್ನ 12ರ ಪಂದ್ಯ ಪುಣೆಯಲ್ಲಿ ಶನಿವಾರ ರಾತ್ರಿ 9:30ಕ್ಕೆ (ನವೆಂಬರ್ ಮೊದಲ ಭಾನುವಾರದ ನಂತರ 10:30ಕ್ಕೆ). ಹಿಂಜವಡಿಯಲ್ಲಿ ಗೆಳೆಯರ ಜೊತೆ ನೋಡುವವರು ಆಗಸ್ಟ್‌ನಲ್ಲೇ ಬಲಿಷ್ಠ ತಂಡಗಳ ಪಟ್ಟಿ ಮಾಡಿಡಿ. ಸುದ್ದಿಸಂಸ್ಥೆ ಎಪಿ (ಅಸೋಸಿಯೇಟೆಡ್ ಪ್ರೆಸ್) ಪ್ರಕಟಿಸುವ ರ‍್ಯಾಂಕಿಂಗ್‌ನ 25 ತಂಡಗಳಿಂದ ಶುರು ಮಾಡಿ, ಆದರೆ ಆ ಕ್ರಮಾಂಕವನ್ನೇ ನೆಚ್ಚಬೇಡಿ. ಅಲ್ಲಿ ಹಳೆಯ ಹೆಸರಿಗೆ ತೂಕ ಜಾಸ್ತಿ.

ಚೆಂಡು ಎಸೆದು ದಾಳಿ ನಡೆಸುವ ಕ್ವಾರ್ಟರ್‌ಬ್ಯಾಕ್ ಉಳಿದಿದ್ದಾನೋ, ಟ್ರಾನ್ಸ್‌ಫರ್ ಪೋರ್ಟಲ್ (ಕಾಲೇಜು ಬದಲಿಸುವ ಆಟಗಾರರು ಹೆಸರು ನೋಂದಾಯಿಸುವ ವ್ಯವಸ್ಥೆ) ಹಿಡಿದು ಹೋದನೋ ನೋಡಿ. ಅಷ್ಟೇ ಮುಖ್ಯ, ಅವನನ್ನು ಕಾಯುವ ಆಫೆನ್ಸಿವ್ ಲೈನ್‌ನ ಐವರು. ಅವರಲ್ಲಿ ಮೂವರು ಹೊಸಬರಾದರೆ ಎಂಥ ಕ್ವಾರ್ಟರ್‌ಬ್ಯಾಕ್‌ಗೂ ಚೆಂಡು ಎಸೆಯಲು ಪುರಸೊತ್ತು ಸಿಗದು. ಅಂಥ ತಂಡವನ್ನು ಮುಲಾಜಿಲ್ಲದೆ ಕೆಳಗಿಳಿಸಿ.

ಕಳೆದ ಸೀಸನ್‌ನಲ್ಲಿ 8 ಅಥವಾ ಕಡಿಮೆ ಅಂಕದಿಂದ ಗೆದ್ದ ಪಂದ್ಯಗಳನ್ನು ಎಣಿಸಿ. 5 ದಾಟಿದರೆ ಅದೃಷ್ಟದ ಪಾಲು ದೊಡ್ಡದು, ಮರುವರ್ಷ ಅದು ಉಳಿಯುವುದು ಅಪರೂಪ.

12 ಪಂದ್ಯಗಳ ವೇಳಾಪಟ್ಟಿಯಲ್ಲಿ ಬಲಿಷ್ಠರ ಊರಿಗೇ ಹೋಗಿ ಆಡುವವು ಎಷ್ಟು? 2024ರಲ್ಲಿ ಪ್ಲೇಆಫ್ (ಚಾಂಪಿಯನ್ ನಿರ್ಧರಿಸುವ ಕೊನೆಯ ನಾಕೌಟ್ ಹಂತ) 12 ತಂಡಗಳಿಗೆ ಹಿಗ್ಗಿದ್ದರಿಂದ, ಎರಡು ಸೋಲು ಕಾಣಬಹುದಾದ ತಂಡವನ್ನೂ ಪಟ್ಟಿಯಿಂದ ತೆಗೆಯಬೇಡಿ.