ನೀರೊಳಗಿನ ಗನ್‌ಮೆಟಲ್ ಫೇಸು, ದಂತ ಡಾಕ್ಟ್ರ ಪುಟ್ಟಿ: ನನ್ನ ಅನುಭವ

ನಾನು ಕೆಲಸ ಕಲ್ತಿದ್ದು ಹರಿಹರದಲ್ಲಿ, ಮೈಸೂರು ಕಿರ್ಲೋಸ್ಕರ್‌ನ ಹಳೇ ಎಂಟರ್‌ಪ್ರೈಸ್ ಲೇತ್ ಮೇಲೆ. ಅಲ್ಲಿ ನಮ್ಮ ಮೇಸ್ತ್ರಿ ಜಾಬ್ ಇಳಿಸಿದ ತಕ್ಷಣ ಮೈಕ್ರೋಮೀಟರ್ ಮುಟ್ಟೋಕೂ ಮುಂಚೆ ನುಣುಪು ನೋಡೋಕೆ ಅದ್ರ ಮೇಲೆ ಹೆಬ್ಬೆರಳ ಉಗುರು ಎಳೀತಿದ್ರು, ಎಳೆದು "ಇನ್ನೊಂದು ಕಟ್ ಹಾಕಪಾ" ಅಂದ್ರೆ ಮುಗೀತು, ಯಾವ ವಾದಾನೂ ಇಲ್ಲ. ನನಗೂ ಅದೇ ಚಾಳಿ ಬಂತು. ಈಗ ದಾವಣಗೆರೆಲಿ ನಂದೇ ಸಣ್ಣ ವರ್ಕ್‌ಶಾಪ್. ಆ ಉಗುರು ಏನಕ್ಕೂ ಬರದೇ ಇರೋ ಕೆಲಸ ಒಂದು ಬಂದಿತ್ತು, ಅದ್ರ ಬಗ್ಗೆ ಬರೀತಿದೀನಿ.

ತುಂಗಭದ್ರಾ ದಂಡೆ ಮೇಲೆ ಒಂದು ಕುಡಿಯೋ ನೀರಿನ ಜಾಕ್‌ವೆಲ್ (ನದಿ ನೀರು ತುಂಬ್ಕೊಂಡು ಪಂಪ್ ಮಾಡೋ ಬಾವಿ), ಯಾವ ಊರಿಂದು ಅಂತ ಬೇಡ ಬಿಡಿ. ನದಿಯಿಂದ ಬಾವಿಗೆ ನೀರು ಬರೋ ಪೈಪಿನ ಬಾಯಿಗೆ, ಬಾವಿ ಒಳಗಡೆ, 450 ಎಂಎಂ ಸ್ಲೂಯಿಸ್ ಗೇಟು, ಅಂದ್ರೆ ಮೇಲೆ ಕೆಳಗೆ ಜಾರಿ ನೀರು ತಡೆಯೋ ಬಾಗಿಲು. ಅದರ ಗನ್‌ಮೆಟಲ್ (ಒಂಥರಾ ಕಂಚು) ಸೀಟ್, ಅಂದ್ರೆ ಗೇಟ್ ಒತ್ತಿ ಕೂರೋ ಉಂಗುರ, ಹಾಳಾಗಿತ್ತು ಅಂತ ಹಿಂದೆ ಯಾರೋ ಕಂಟ್ರಾಕ್ಟರ್ ಡೈವರ್ ಇಳಿಸಿ ಪೋರ್ಟಬಲ್ ಮಷೀನಲ್ಲಿ ನೀರೊಳಗೇ ಅದರ ಫೇಸು (ಮೇಲ್ಮೈ) ಸಮ ಮಾಡೋ ಫೇಸಿಂಗ್ ಹೊಡೆದಿದ್ರು, ಆದ್ರೆ ಮಷೀನ್ ಅಲ್ಲಾಡಿ ಫೇಸ್ ತುಂಬ ಚಾಟರ್ ಮಾರ್ಕು, ಅಲೆ ಅಲೆ, ರಾಗಿ ಹೊಲದ ಸಾಲಿನ ಹಂಗೆ. ಗೇಟ್ ಹಾಕಿದ್ರೂ ನೀರು ನುಗ್ತಾನೇ ಇತ್ತು. ಬಾವಿ ಖಾಲಿ ಮಾಡಿ ಸರಿ ಮಾಡೋಣ ಅಂದ್ರೆ ಗೇಟ್ ಸೋರೋದ್ರಿಂದ ಬಾವಿ ಖಾಲಿ ಆಗಲ್ಲ, ಖಾಲಿ ಆಗದೆ ಗೇಟ್ ರಿಪೇರಿ ಆಗಲ್ಲ. ಮತ್ತೆ ಡೈವರ್ ಇಳಿಸೋ ಮಾತೇ ಬೇಡ ಅಂದ್ರು. ಅದು ಸರಿಯಾದ ಮಾತೇ, ಆ ಇಕ್ಕಟ್ಟಲ್ಲಿ ಪಂಪಿನ ಸಕ್ಷನ್ ಪಕ್ಕ ಮನುಷ್ಯನ್ನ ಇಳಿಸೋದು ನನಗೂ ಇಷ್ಟ ಇಲ್ಲ.

ಏಳು ಮೀಟರ್ ಆಳ. ಬಾವಿ ಖಾಲಿ ಇದ್ದಾಗ ಆ ಗೇಟಿನ ಮೇಲೆ ಬೀಳೋ ಒತ್ತಡ ಲೆಕ್ಕ ಹಾಕಿದ್ರೆ ಒಂದು ಟನ್ ಮೇಲೆ ಬರುತ್ತೆ, ಅದೂ ಗೇಟನ್ನ ಸೀಟಿಂದ ಆಚೆ ತಳ್ಳೋ ಕಡೆಗೆ, ಗೇಟ್ ಬಿಗಿಯೋ ವೆಡ್ಜ್ (ಬೆಣೆ) ಅಷ್ಟನ್ನೂ ತಡೀಬೇಕು. ಹಂಗಾಗಿ ಫೇಸು ಕೂತ್ಕೊಂಡ್ರೆ ಸರಿಯಾಗಿ ಕೂತ್ಕೋಬೇಕು. ನಾವು ಅಂದ್ಕೊಂಡಿದ್ದು 1.6 ಮೈಕ್ರಾನ್ ಫಿನಿಶ್, ಅಂದ್ರೆ ಮೇಲ್ಮೈ ಒರಟು ಸರಾಸರಿ ಅಷ್ಟೇ ಇರಬೇಕು.

ಒಂದು ಐಡಿಯಾ ಮಾತ್ರ ಮೊದಲ ದಿನಾನೇ ಸರಿಯಾಗಿ ಹೊಳೀತು. ಗೇಟನ್ನ ಚೈನ್ ಪುಲ್ಲಿಲಿ ಮೇಲೆತ್ತಿ ತೆಗೆದು, ಅದೇ ಗೈಡಲ್ಲಿ ನಮ್ಮ ಪ್ಲೇಟ್ ಇಳಿಸೋದು. ಪ್ಲೇಟ್ ತಾನಾಗೇ ಸೀಟಿನ ಎದುರಿಗೆ ನಿಲ್ಲುತ್ತೆ. ಅದ್ರ ನಡುವೆ ತಿರುಗೋ ತೋಳು, ತೋಳಿನ ತುದಿಗೆ ಟೂಲು, ಮೇಲಿಂದ ಉದ್ದ ಪೈಪ್, ಕೆಳಗೆ ಆ ತಿರುಗೋದನ್ನ ಅಡ್ಡಕ್ಕೆ ಕೊಡೋ ಹಳೇ ಬೆವೆಲ್ ಗೇರು, ಅಷ್ಟೆ. ಮೇಲೆ ನಿಂತು ಕೈಯಲ್ಲೇ ತಿರುಗಿಸೋದು. ಗೇಟ್ ತೆಗೆದಿರೋದ್ರಿಂದ ಎರಡೂ ಕಡೆ ನೀರು ಒಂದೇ ಮಟ್ಟ, ಎಳೆತ ಇಲ್ಲ. ಪಂಪ್ ಪ್ಯಾನಲ್‌ಗೆ ಬೀಗ, ಕೀ ನನ್ನ ಜೇಬಲ್ಲಿ.

ಟೂಲು ಕಂಪ್ರೆಸರ್ ಗಾಳಿಲಿ ತಿರುಗೋದು, ನೀರಲ್ಲಿ ಕರೆಂಟಿನ ಗ್ರೈಂಡರ್ ಬೇಡವೇ ಬೇಡ. ಗಾಳಿ ಗುಳ್ಳೆಲಿ ಕ್ಯಾಮೆರಾಗೆ ಏನೂ ಕಾಣಲ್ಲ ಅಂತ ಎಕ್ಸಾಸ್ಟನ್ನ ಹೋಸ್ ಹಾಕಿ ಮೇಲಕ್ಕೆ ತಂದೆ. ಬುದ್ಧಿವಂತಿಕೆ ಅಂದ್ಕೊಂಡೆ. ಅರ್ಧ ಗಂಟೆಲಿ ಟೂಲ್ ನಿಂತೋಯ್ತು, ಬಿಚ್ಚಿದ್ರೆ ಒಳಗೆಲ್ಲ ನೀರು. ಯಾಕಂದ್ರೆ ಎಕ್ಸಾಸ್ಟ್ ಮೇಲೆ ಬಯಲಿಗೆ ತೆಗೆದ್ರೆ ಟೂಲ್ ಒಳಗೆ ಒತ್ತಡ ಇಲ್ಲ, ಹೊರಗೆ ಏಳು ಮೀಟರ್ ನೀರಿಂದು ಚದರ ಸೆಂಟಿಮೀಟರ್‌ಗೆ 0.7 ಕೆಜಿ, ಸ್ಪಿಂಡಲ್ ಸಂದಿಲಿ ನೀರು ಒಳಗೇ ಬರುತ್ತೆ. ಮೇಲಿನ ತುದಿಗೆ ಒಂದು ಬಾಲ್ ವಾಲ್ವ್, ಒಂದು ಗೇಜ್ ಹಾಕಿ ಒಂದು ಕೆಜಿ ತನಕ ಅದುಮಿಟ್ಟೆ, ಆಮೇಲೆ ಸ್ಪಿಂಡಲ್ ಹತ್ರ ಸಣ್ಣ ಗುಳ್ಳೆ ಹೊರಗೆ ಬರ್ತಿತ್ತೇ ಹೊರತು ನೀರು ಒಳಗೆ ಹೋಗಲಿಲ್ಲ. ಕುಡಿಯೋ ನೀರಲ್ವಾ, ಅದಕ್ಕೆ ಲೂಬ್ರಿಕೇಟರ್‌ಗೆ ಮಷೀನ್ ಆಯಿಲ್ ಬಿಟ್ಟು ಮೆಡಿಕಲ್ ಶಾಪಿನ ಲಿಕ್ವಿಡ್ ಪ್ಯಾರಫಿನ್ ಹಾಕಿದ್ವಿ. ಅಂಗಡಿಯವ್ನು ಇಷ್ಟೊಂದು ಯಾರಿಗೆ ಸಾರ್ ಅಂತ ಒಂಥರಾ ನೋಡ್ದ.

ಮೊದ್ಲು ಮಾಮೂಲಿ ಫ್ಲ್ಯಾಪ್ ವೀಲ್ (ಉಜ್ಜೋ ಎಮರಿ ಬಟ್ಟೆ ಪಟ್ಟಿಗಳ ಚಕ್ರ) ಹಾಕಿದ್ದೆ, ಬಟ್ಟೆ ನೆನೆದು ಅಂಟು ಬಿಟ್ಟು ಪುಸ್ತಕದ ಹಾಳೆ ತರ ಉದುರಿಹೋಯ್ತು. ಆಮೇಲೆ ಪಾತ್ರೆ ಉಜ್ಜೋ ಹಸಿರು ಪ್ಯಾಡ್ ಇರುತ್ತಲ್ಲ, ಆ ಜಾತಿ ನೈಲಾನ್ ವೀಲು. ಸ್ಪೀಡೂ ಇಳಿಸ್ಬೇಕಾಯ್ತು, ಜಾಸ್ತಿ ಸ್ಪೀಡಲ್ಲಿ ವೀಲು ಬೋಟಿನ ಫ್ಯಾನ್ ತರ ನೀರು ತಳ್ಳೋದೇ ಆಯ್ತು, ಲೋಹ ಮುಟ್ಟಲ್ಲ. ಕೆಸರು ನೀರಿಗೆ, ಪಿವಿಸಿ ಪೈಪಿನ ತುಂಡಿನ ಎರಡೂ ಬಾಯಿಗೆ ಅಕ್ರಿಲಿಕ್ ಅಂಟಿಸಿ ಒಳಗೆ ಫಿಲ್ಟರ್ ನೀರು ತುಂಬಿ ಎಂಡೋಸ್ಕೋಪ್ ಕ್ಯಾಮೆರಾ ಮುಂದೆ ಕಟ್ಟಿದ್ವಿ, ಅದನ್ನ ಫೇಸಿಗೆ ಒತ್ತಿ ಹಿಡಿದ್ರೆ ನಡುವೆ ಕೆಸರಿಗೆ ಜಾಗಾನೇ ಇರಲ್ಲ.

ಮೊಬೈಲಲ್ಲಿ ಫೇಸ್ ಪಳಪಳ ಹೊಳೀತಿತ್ತು. ಹುಡುಗ್ರು "ಆಯ್ತಣ್ಣಾ" ಅಂದ್ರು. ನನಗೆ ಮಾತ್ರ ಸಮಾಧಾನ ಇಲ್ಲ, ಉಗುರು ಎಳೀದೆ ಹೆಂಗೆ ಆಯ್ತು ಅನ್ನೋದು.

ನಮ್ಮೂರಲ್ಲಿ ಡೆಂಟಲ್ ಕಾಲೇಜುಗಳಿದಾವೆ, ಹಂಗಾಗಿ ಹಲ್ಲಿನ ಅಚ್ಚು ತೆಗೆಯೋ ಸಿಲಿಕೋನ್ ಪುಟ್ಟಿ ಸಲೀಸಾಗಿ ಸಿಗುತ್ತೆ. ಎರಡು ಬಣ್ಣದ ಮುದ್ದೆ, ಹೋಳಿಗೆ ಕಣಕದ ತರ ಸಮ ನಾದಿ ಒತ್ತಿದ್ರೆ ಗಟ್ಟಿ ಆಗಿ ಗೆರೆ ಗೆರೆನೂ ಹಿಡ್ಕೊಂಡು ಬರುತ್ತೆ. ಮೊದಲ ಸಲ ಗಟ್ಟಿನೇ ಆಗಲಿಲ್ಲ, ಒಂದು ಗಂಟೆ ಆದ್ರೂ ಅಂಟಂಟು. ಅಂಗಡಿಗೆ ಫೋನ್ ಮಾಡಿದ್ರೆ "ಲ್ಯಾಟೆಕ್ಸ್ ಗ್ಲೌಸ್ ಹಾಕಿದ್ರಾ?" ಅಂದ್ರು. ಹಾಕಿದ್ದೆ. ರಬ್ಬರ್ ಗ್ಲೌಸಿನ ಗಂಧಕ ಅದನ್ನ ಗಟ್ಟಿ ಆಗೋಕೆ ಬಿಡಲ್ವಂತೆ. ಬರಿಗೈಲಿ ನಾದಿ, ಪ್ಯಾಡ್ ಮೇಲಿಟ್ಟು ಕಂಬದ ತುದಿಲಿ ಇಳಿಸಿ, ಒಂದು ಅಂಚಿಂದ ನಿಧಾನ ಒತ್ತುತಾ ಬಂದ್ವಿ, ಒಂದೇ ಸಲ ಅಮುಕಿದ್ರೆ ನೀರು ಮಧ್ಯೆ ಸಿಕ್ಕಾಕ್ಕೊಂಡು ಗುಂಡಿ ಬೀಳುತ್ತೆ. ತಣ್ಣನೆ ನೀರಲ್ಲಿ ಟೈಮೂ ಜಾಸ್ತಿ ಬೇಕು.

ಮೇಲೆ ತಂದು ಉಗುರು ಎಳೆದೆ. ದಡ ದಡ ದಡ. ಅಲೆ ಹಂಗೇ ಇತ್ತು, ಬರೀ ಅಲೆಗೆ ಪಾಲಿಶ್ ಹೊಡೆದಿದ್ವಿ! ಮೆತ್ತನೆ ವೀಲು ದಿಬ್ಬಕ್ಕೂ ಹೋಗುತ್ತೆ, ತಗ್ಗಿಗೂ ಹೋಗುತ್ತೆ. ಕ್ಯಾಮೆರಾ ನಂಬಿದ್ರೆ ಬಿಲ್ ಮಾಡಿ ಮನೆಗೆ ಬರ್ತಿದ್ದೆ.

ಅಚ್ಚಲ್ಲಿ ಅಲೆಯಿಂದ ಅಲೆಗೆ ಹತ್ತತ್ರ 4 ಎಂಎಂ. ಹಂಗಾದ್ರೆ ಕಲ್ಲು ಅದಕ್ಕಿಂತ ಬಹಳ ಉದ್ದ ಇರಬೇಕು, ದಿಬ್ಬದ ಮೇಲೇ ಹೋಗ್ಬೇಕು, ತಗ್ಗಿಗೆ ಇಳೀಬಾರದು. 75 ಎಂಎಂ ಕಾರ್ಬೊರಂಡಮ್ ಕಲ್ಲು, 120 ಗ್ರಿಟ್, ಸ್ಪ್ರಿಂಗ್ ಹಿಂದೆ ಕೊಟ್ಟು ತೋಳಿಗೆ ಕಟ್ಟಿ ಬರೀ ಕೈಯಲ್ಲಿ ತಿರುಗಿಸಿದ್ವಿ, ಮೋಟ್ರಿಲ್ಲ, ಗಾಳಿ ಇಲ್ಲ, ಬೇಜಾರಿನ ಕೆಲಸ. ಗನ್‌ಮೆಟಲ್ ಕಲ್ಲಿಗೆ ತುಂಬ್ಕೊಳ್ಳುತ್ತೆ, ಹಂಗಾಗಿ ಪಕ್ಕದಲ್ಲೇ ಒಳ್ಳೇ ನೀರಿನ ಸಣ್ಣ ಜೆಟ್. ಎರಡು ದಿನ ಆದ್ಮೇಲೆ ಇನ್ನೂ ನಯವಾದ 220 ಗ್ರಿಟ್ ಕಲ್ಲು, ಕೊನೆಗೆ ನೈಲಾನ್ ವೀಲು. ದಿನಕ್ಕೆ ಮೂರು ಅಚ್ಚು. ಪುಟ್ಟಿ ಮೆತ್ತಗೆ, ಅದರ ಮೇಲೆ ಸೂಜಿ ಎಳೆಯೋ ಮೀಟರ್ ನಂಬೋ ಹಂಗಿಲ್ಲ, ಅದಕ್ಕೆ ರಫ್‌ನೆಸ್ ಸ್ಯಾಂಪಲ್ ಪ್ಲೇಟಿಂದೂ (ಗೊತ್ತಿರೋ ಒರಟಿನ ಮಾದರಿ) ಅದೇ ಪುಟ್ಟಿಲಿ ಅಚ್ಚು ತೆಗೆದು ಎರಡನ್ನೂ ಪಕ್ಕ ಪಕ್ಕ ಇಟ್ಟು ಉಗುರು, ಭೂತಗನ್ನಡಿ ಎರಡೂ ನೋಡಿದೆ. 1.6ರ ಅಚ್ಚಿಗೂ ನಮ್ಮದಕ್ಕೂ ವ್ಯತ್ಯಾಸ ಸಿಗದೇ ಇದ್ದಾಗ ನಿಲ್ಲಿಸಿದ್ವಿ.

ನ್ಯೂಕ್ಲಿಯರ್ ಪ್ಲಾಂಟಲ್ಲಿ ಇಂಥದ್ದನ್ನ ಸ್ಟೇನ್‌ಲೆಸ್ ಮೇಲೆ ಮಾಡ್ತಾರೆ, ಅಲ್ಲಿ ನೀರೇ ರೇಡಿಯೇಷನ್‌ಗೆ ಗೋಡೆ, ಖಾಲಿ ಮಾಡೋ ಹಂಗಿಲ್ಲ. ಅಲ್ಲಿ ಕಥೆ ಸೋರೋದಲ್ಲ, ಒರಟಾಗಿ ಗ್ರೈಂಡ್ ಮಾಡಿದ್ರೆ ಮೇಲ್ಮೈ ಒಳಗೆ ಎಳೆತ ಉಳ್ಕೊಂಡು ಬಿಸಿನೀರಲ್ಲಿ ಬಿರುಕು ಬಿಡುತ್ತೆ, ಅದಕ್ಕೆ ಕೊನೆಗೆ ಜೋರು ನೀರಿನ ಜೆಟ್ಟಲ್ಲಿ ಬಡಿದು ಆ ಎಳೆತ ತೆಗೀತಾರೆ. ನಮ್ಮ ಗೇಟಿಗೆ ಅದೆಲ್ಲ ಬೇಕಿರಲಿಲ್ಲ.

ಗೇಟ್ ಇಳಿಸಿ ವೆಡ್ಜ್ ಬಿಗಿದು ಪಂಪ್ ಹಚ್ಚಿದ್ವಿ. ಮುಂಚೆ ಎರಡು ಪಂಪಿಗೂ ಇಳೀದೇ ಇದ್ದ ಬಾವಿ ಒಂದೇ ಪಂಪಿಗೆ ಸಂಜೆ ಹೊತ್ತಿಗೆ ತಳ ಕಾಣ್ತು. ಏಣಿ ಹಿಡಿದು ನಾನೇ ಇಳಿದೆ. ಕೆಳಗಡೆ ಎಡಕ್ಕೆ, ಗಡಿಯಾರದಲ್ಲಿ ಏಳು ಗಂಟೆ ಇರೋ ಜಾಗದಲ್ಲಿ, ಒಂದು ಸಣ್ಣ ಎಳೆ ನೀರು ಇಳೀತಿತ್ತು, ಉಳಿದದ್ದೆಲ್ಲ ಒಣ. ಉಗುರು ಎಳೆಯೋಣ ಅಂತ ಕೈ ಚಾಚಿದೆ, ಎಲ್ಲಿಂದ ಸಿಗಬೇಕು, ಗೇಟ್ ಮುಚ್ಚಿಬಿಟ್ಟೈತಿ. ಅಚ್ಚುಗಳು ಟೇಬಲ್ ಡ್ರಾಯರಲ್ಲಿದಾವೆ, ಆ ಫೇಸ್ ಮಾತ್ರ ಇವತ್ತಿನವರೆಗೂ ನಾನು ಮುಟ್ಟಿಲ್ಲ.