ಮೊದಲು ಸೆಕ್ಷನ್, ಆಮೇಲೆ ಪ್ಲ್ಯಾನ್

ತುಮಕೂರಿನಲ್ಲಿ ಲೇಔಟ್ ನಕ್ಷೆ ಮಾಡುವವರಿಗೆ ರೈಲು ಹಳಿ ಬಿಟ್ಟು ಕೆಲಸವೇ ಇಲ್ಲ. 1884ರಲ್ಲಿ ಬೆಂಗಳೂರಿನಿಂದ ಇಲ್ಲಿಗೆ ರೈಲು ಬಂತು. ಈಗ ಉಪ್ಪಾರಹಳ್ಳಿ, ಶೆಟ್ಟಿಹಳ್ಳಿ ಅಂತ ಊರು ಹಳಿ ದಾಟಿ ಬೆಳೆದಿದೆ. ಜಾಗ ಯಾವುದೇ ಇರಲಿ, ‘ಆಚೆ ಹೋಗೋದು ಹೇಗೆ?’ ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಹುಡುಕುವ ದಾರಿ ನನಗೆ ಸಿಕ್ಕಿದ್ದು ವಿಲಿಯಂ ವಿಲ್ಗಸ್ ಎಂಬ ರೈಲ್ವೆ ಎಂಜಿನಿಯರ್ ಮಾಡಿದ ಕೆಲಸದಲ್ಲಿ.

ವಿಲ್ಗಸ್ ನ್ಯೂಯಾರ್ಕ್ ಸೆಂಟ್ರಲ್ ರೈಲ್ವೆಯ ಮುಖ್ಯ ಎಂಜಿನಿಯರ್. 1902ರ ಜನವರಿ 8ರಂದು ನ್ಯೂಯಾರ್ಕ್‌ನ ಪಾರ್ಕ್ ಅವೆನ್ಯೂ ಸುರಂಗದಲ್ಲಿ ಹೊಗೆ ತುಂಬಿತ್ತು. ಸಿಗ್ನಲ್ ಕಾಣದೆ ಒಂದು ರೈಲು ನಿಂತಿದ್ದ ಇನ್ನೊಂದು ರೈಲಿಗೆ ಗುದ್ದಿತು. ಹದಿನೈದು ಜನ ಅಲ್ಲೇ ಸತ್ತರು. ಮರುವರ್ಷ ಕಾನೂನೇ ಬಂತು: 1908ರ ನಂತರ ನಗರದ ಆ ಭಾಗಕ್ಕೆ ಉಗಿ ಎಂಜಿನ್ ಬರುವಂತಿಲ್ಲ. ಶಿವನಸಮುದ್ರದ ಕರೆಂಟು ಕೋಲಾರದ ಚಿನ್ನದ ಗಣಿಗೆ ತಲುಪಿದ್ದೂ ಅದೇ 1902ರಲ್ಲಿ. ಕರೆಂಟಿನಿಂದ ಏನೆಲ್ಲ ಮಾಡಬಹುದು ಅಂತ ಎಲ್ಲ ಕಡೆ ನೋಡುತ್ತಿದ್ದ ಕಾಲ ಅದು.

ಉಗಿ ಎಂಜಿನ್ ತೆಗೆದು ವಿದ್ಯುತ್ ರೈಲು ಓಡಿಸೋಣ ಅಂತ ಯಾರಾದರೂ ಹೇಳಬಹುದಿತ್ತು. ವಿಲ್ಗಸ್ ಅಲ್ಲಿಗೆ ನಿಲ್ಲಲಿಲ್ಲ. ಹೊಗೆ ಇಲ್ಲ ಅಂದಮೇಲೆ ಹಳಿಯ ಮೇಲೆ ಬಯಲು ಯಾಕೆ ಬೇಕು? ಹಳಿಗಳನ್ನು ನೆಲದಡಿಗೆ ಇಳಿಸಬಹುದು, ಒಂದರ ಕೆಳಗೆ ಒಂದರಂತೆ ಎರಡು ಅಂತಸ್ತು ಮಾಡಬಹುದು. ಮೇಲಿನದು ದೂರದ ರೈಲಿಗೆ, ಕೆಳಗಿನದು ಉಪನಗರದ ರೈಲಿಗೆ. ಅದರ ಮೇಲೆ ರಸ್ತೆ, ಹೋಟೆಲ್, ಕಚೇರಿ. ಹಳಿಗಳ ನಡುವೆ ಉಕ್ಕಿನ ಕಂಬ ಇಳಿಸಿದರೆ ಕಟ್ಟಡ ನಿಲ್ಲುತ್ತದೆ. ಹಾಗೆ ಕಟ್ಟುವವರು ಕೊಡುವ ಬಾಡಿಗೆಯಿಂದ ಇಷ್ಟು ದೊಡ್ಡ ಕಾಮಗಾರಿಯ ಖರ್ಚು ತೂಗಿಸಬಹುದು. ನನಗೆ ತುಂಬಾ ಹಿಡಿಸಿದ್ದು ಈ ಲೆಕ್ಕ. ಹೀಗೆ ಕಟ್ಟಿದ ಗ್ರ್ಯಾಂಡ್ ಸೆಂಟ್ರಲ್ ನಿಲ್ದಾಣ 1913ರ ಫೆಬ್ರುವರಿ 2ರಂದು ತೆರೆಯಿತು. ವಿಲ್ಗಸ್ 1907ರಲ್ಲೇ ಕೆಲಸ ಬಿಟ್ಟಿದ್ದರು. ಮೊದಲು ಹೊಗೆ ಕಾರುವ ಯಾರ್ಡ್ ಇದ್ದ ಕಡೆ ಇವತ್ತು ಪಾರ್ಕ್ ಅವೆನ್ಯೂ ಇದೆ, ಅದರ ಅಡಿಯಲ್ಲಿ ಈಗಲೂ ರೈಲು ಓಡುತ್ತದೆ.

ಅದನ್ನೇ ಇಲ್ಲಿ ಮಾಡಲು ಆಗುವುದಿಲ್ಲ. ಅಲ್ಲಿ ಕರೆಂಟು ಹಳಿ ಪಕ್ಕದ ಮೂರನೇ ಹಳಿಯಲ್ಲಿ ಬರುತ್ತದೆ, ಹಾಗಾಗಿ ಚಾವಣಿ ತಗ್ಗಿದ್ದರೂ ನಡೆಯುತ್ತದೆ. ನಮ್ಮಲ್ಲಿ 25,000 ವೋಲ್ಟಿನ ತಂತಿ ತಲೆಯ ಮೇಲಿದೆ. ಮೇಲ್ಸೇತುವೆಯ ತಳ ಹಳಿಯಿಂದ ಸುಮಾರು 6.5 ಮೀಟರ್ ಎತ್ತರ ಇರಬೇಕು. ಸೇತುವೆಯ ದಪ್ಪ ಸೇರಿದರೆ ರಸ್ತೆ 8 ಮೀಟರಿಗೆ ಹೋಗುತ್ತದೆ. 30 ಮೀಟರಿಗೆ 1 ಮೀಟರ್ ಏರು ಅಂತ ಹಿಡಿದರೂ ಒಂದೊಂದು ಬದಿಗೆ 240 ಮೀಟರ್ ಇಳಿಜಾರು ಬೇಕು. ಅಷ್ಟು ಜಾಗ ಎಲ್ಲಿದೆ? ಅದಕ್ಕೇ ನಮ್ಮಲ್ಲಿ ಅಂಡರ್‌ಪಾಸ್ ಜಾಸ್ತಿ. ಅಂಡರ್‌ಪಾಸ್ ಅಂದಮೇಲೆ ಮಳೆನೀರು ಇದ್ದದ್ದೇ.

ಆದರೆ ವಿಲ್ಗಸ್ ಯೋಚಿಸಿದ ಕ್ರಮ ಇಲ್ಲಿಗೂ ಒಗ್ಗುತ್ತದೆ. ಊರನ್ನು ಮೇಲಿನಿಂದ ನೋಡುವ ಮೊದಲು, ಅಂದರೆ ಪ್ಲ್ಯಾನ್‌ಗಿಂತ ಮೊದಲು, ಅಡ್ಡ ಕೊಯ್ದು ನೋಡಬೇಕು; ಆ ಕೊಯ್ದ ನೋಟವೇ ಸೆಕ್ಷನ್. ಹಳಿಯಾಚೆ ಒಂದು ಸಣ್ಣ ಲೇಔಟ್ ಬಂದಾಗ ಸೈಟಿನ ಗೆರೆ ಎಳೆಯುವ ಮೊದಲು, ನೆಲದ ಏರುತಗ್ಗು ಅಳೆಯುವ ಆಟೋ ಲೆವೆಲ್ ಹಿಡಿದು ಹೊರಟೆ. ಜಮೀನಿನ ಮೇಲಿನ ತುದಿಯಿಂದ ಅಂಡರ್‌ಪಾಸಿನ ತಳದವರೆಗೆ ಸ್ಟಾಫ್ (ಅಳತೆಯ ಕೋಲು) ಇಡಿಸಿ ರೀಡಿಂಗ್ ತೆಗೆದುಕೊಂಡೆ. ಗ್ರಾಫ್ ಶೀಟಿನಲ್ಲಿ ಉದ್ದಕ್ಕೆ 1:1000, ಎತ್ತರಕ್ಕೆ 1:100. ಎತ್ತರವನ್ನು ಹೀಗೆ ಹತ್ತು ಪಟ್ಟು ಹಿಗ್ಗಿಸದಿದ್ದರೆ ನೆಲವೆಲ್ಲ ಸಪಾಟಾಗಿ ಕಾಣುತ್ತದೆ, ಯಾರಿಗೂ ಏನೂ ಅರ್ಥವಾಗುವುದಿಲ್ಲ. ಹಳಿಯ ಮಟ್ಟಕ್ಕೆ ಕೆಂಪು ಪೆನ್ಸಿಲ್, ನೀರು ಹರಿಯುವ ದಾರಿಗೆ ನೀಲಿ.

ಮಾಲೀಕರಿಗೆ ಮುಖ್ಯ ರಸ್ತೆ ನೇರವಾಗಿ ಅಂಡರ್‌ಪಾಸಿಗೆ ಇಳಿಯಬೇಕಿತ್ತು. ಶೀಟು ಮುಂದಿಟ್ಟೆ. “ಯಜಮಾನ್ರೇ, ಈ ರಸ್ತೆ ಮಳೆಗಾಲದಲ್ಲಿ ಕಾಲುವೆ ಆಗುತ್ತೆ ನೋಡಿ” ಅಂದೆ. ನೀಲಿ ಗೆರೆ ಮೇಲೆ ಬೆರಳಾಡಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದರು. “ಹಂಗಾದ್ರೆ ಸೈಟು ಕಡಿಮೆ ಆಗ್ತವೆ ಅಲ್ವಾ ಸಾರ್? ಮೋರಿ ಖರ್ಚು ಬೇರೆ” ಅಂದರು.

ನ್ಯಾಯವಾದ ಮಾತು. ರಸ್ತೆಯನ್ನು ಇಳಿಜಾರಿಗೆ ಅಡ್ಡವಾಗಿ ತಿರುಗಿಸಿದೆ. ತಗ್ಗಿನ ಮೂಲೆಯನ್ನು ಪಾರ್ಕಿಗೆ ಬಿಟ್ಟೆ. ಅಲ್ಲಿಂದ ಮೋರಿ ಹಾಕಿ ಹಳೆಯ ರಾಜಕಾಲುವೆಗೆ ನೀರು ಸೇರಿಸಿದೆ. ಒಂದೆರಡು ಸೈಟು ಹೋದವು ನಿಜ. ಆದರೆ ರಸ್ತೆ ತಿರುಗಿದ್ದರಿಂದ ಮೂಲೆ ಸೈಟುಗಳು ಹೆಚ್ಚಾದವು, ಅವಕ್ಕೆ ಬೆಲೆ ಜಾಸ್ತಿ. ಆ ಹೆಚ್ಚುವರಿಯಿಂದಲೇ ಮೋರಿ ಆಯಿತು. ವಿಲ್ಗಸ್ ಲೆಕ್ಕವೇ, ನಮ್ಮ ಅಳತೆಗೆ ಇಳಿಸಿದ್ದು. ಯಜಮಾನರು ಒಪ್ಪಿದ್ದೂ ಈ ಲೆಕ್ಕ ನೋಡಿದ ಮೇಲೆ.

ಈಗ ತುಮಕೂರಿನಿಂದ ರಾಯದುರ್ಗಕ್ಕೂ ದಾವಣಗೆರೆಗೂ ಹೊಸ ಮಾರ್ಗ ಬರುತ್ತಿದೆ. ಮಧುಗಿರಿ, ಪಾವಗಡ, ಶಿರಾ ಕಡೆಯವರು ನಕ್ಷೆ ಕೇಳಿಕೊಂಡು ಬರುತ್ತಾರೆ. ಎಲ್ಲರಿಗೂ ನನ್ನದು ಒಂದೇ ಕೋರಿಕೆ. ಸೈಟು ಎಷ್ಟು ಬರುತ್ತೆ ಅಂತ ಕೇಳುವ ಮೊದಲು ಹಳಿಯ ಮಟ್ಟ, ನಿಮ್ಮ ಜಮೀನಿನ ಮಟ್ಟ, ಕೆರೆ ಕೋಡಿಯ ಮಟ್ಟ ಮೂರನ್ನೂ ಒಂದೇ ಶೀಟಿನಲ್ಲಿ ಬರೆಸಿಕೊಳ್ಳಿ. ಹಳಿಯ ಏರಿ ಎದ್ದ ಮೇಲೆ ಮೋರಿಯ ಜಾಗ ಬದಲಿಸುವುದು ತುಂಬಾ ಕಷ್ಟ, ಈಗಾದರೆ ಒಂದು ಅರ್ಜಿ ಕೊಟ್ಟು ಕೇಳಬಹುದು.